ಕಾರಲ್ಲಿ ನೇಪಾಳಕ್ಕೆ ಹೊರಟಿದ್ದೀರಾ? ಮೊದಲು ಪಾಲಿಸಿ ತೆಗೆದು ನೋಡಿ

ಅಮ್ಮನಿಗೆ ಪಶುಪತಿನಾಥನನ್ನು ನೋಡುವ ಆಸೆ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅಂತ ಗೊತ್ತಾದ ಮೇಲಂತೂ ಹಟವೇ ಹಿಡಿದರು. ತಿಪಟೂರಿನಿಂದ ನಮ್ಮ ಕಾರಲ್ಲೇ ಹೋಗೋಣ ಅಂತಾಯಿತು. "ಫುಲ್ ಇನ್ಶೂರೆನ್ಸ್ ಇದೆಯಲ್ಲೋ, ಇನ್ನೇನು" ಅಂದರು ಭಾವ. ನನಗೆ ಯಾಕೋ ಸಮಾಧಾನ ಆಗಲಿಲ್ಲ.

ಪಾಲಿಸಿಯಲ್ಲಿ ಶೆಡ್ಯೂಲ್ ಅಂತ ಒಂದು ಪುಟ ಇರುತ್ತದೆ. ಗಾಡಿ ನಂಬರ್, ಚಾಸಿ ನಂಬರ್, ಐಡಿವಿ (ಗಾಡಿಗೆ ಕಂಪನಿ ಕಟ್ಟಿದ ಬೆಲೆ) ಎಲ್ಲ ಇರುವ ಪುಟ. ಅಲ್ಲಿ ‘ಜಿಯೋಗ್ರಾಫಿಕಲ್ ಏರಿಯಾ’ ಅನ್ನುವುದನ್ನು ಹುಡುಕಿ. ನನ್ನದರಲ್ಲಿ ಅದರ ಮುಂದೆ ಇದ್ದದ್ದು ಒಂದೇ ಪದ, ಇಂಡಿಯಾ. ಆಮೇಲೆ ‘ಜನರಲ್ ಎಕ್ಸೆಪ್ಷನ್ಸ್’ ಓದಿ. ಈ ಏರಿಯಾದ ಹೊರಗೆ ಆದ ನಷ್ಟಕ್ಕೆ, ಹೊಣೆಗೆ ಕಂಪನಿ ದುಡ್ಡು ಕೊಡುವುದಿಲ್ಲ ಅಂತ ಅಲ್ಲಿದೆ. ಅಂದರೆ ನೇಪಾಳ ಗಡಿಯ ಸೋನೌಲಿ ಗೇಟ್ ದಾಟಿ ಹತ್ತು ಮೀಟರ್ ಆಚೆ ಬಂಪರ್ ಮುರಿದರೂ ಖರ್ಚು ನಮ್ಮದೇ. ಯಾರಿಗಾದರೂ ಗುದ್ದಿದರೆ ಅದೂ ನಮ್ಮ ತಲೆಗೇ.

ಇದಕ್ಕೆ ದಾರಿ ಇದೆ, ಜಾಸ್ತಿ ದುಡ್ಡೂ ಬೇಕಿಲ್ಲ. ಏಜೆಂಟರ ಹತ್ತಿರ ‘ಐಎಂಟಿ 1’ ಎಂಡಾರ್ಸ್‌ಮೆಂಟ್ ಕೇಳಿ. ಪಾಲಿಸಿಯ ಏರಿಯಾವನ್ನು ಬೇರೆ ದೇಶಕ್ಕೂ ಹಿಗ್ಗಿಸುವ ಸೇರ್ಪಡೆ ಕಾಗದ ಅದು. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್, ಈ ಆರು ದೇಶಗಳಿಗೆ ಇದು ಸಿಗುತ್ತದೆ. 2002ರ ಮೋಟಾರ್ ಟ್ಯಾರಿಫ್‌ನಲ್ಲಿ ಪ್ಯಾಕೇಜ್ ಪಾಲಿಸಿಗೆ (ಭಾವ ಹೇಳಿದ ಫುಲ್ ಇನ್ಶೂರೆನ್ಸ್) 500 ರೂಪಾಯಿ, ಬರೀ ಥರ್ಡ್ ಪಾರ್ಟಿಗೆ 100 ರೂಪಾಯಿ ಅಂತಿತ್ತು. ಈಗ ನಿಮ್ಮ ಕಂಪನಿ ಎಷ್ಟು ಹೇಳುತ್ತದೋ ಕೇಳಿಕೊಳ್ಳಿ.

ಕಾಗದ ಕೈಗೆ ಬಂದಾಗ ಸುಮ್ನೆ ಮಡಚಿ ಇಡಬೇಡಿ. ದೇಶದ ಹೆಸರು ಇದೆಯಾ ನೋಡಿ. ‘ಇಂಥ ದಿನದಿಂದ ಇಂಥ ದಿನದವರೆಗೆ’ ಅನ್ನುವ ತಾರೀಖುಗಳನ್ನು ಬೆರಳಿಟ್ಟು ಓದಿ. ನಾವು ಗಡಿ ದಾಟಬೇಕಿದ್ದದ್ದು 14ಕ್ಕೆ, ನನ್ನ ಕಾಗದದಲ್ಲಿ ಇದ್ದದ್ದು 15! ಫೋನ್ ಮಾಡಿದರೆ "ಒಂದು ದಿನ ತಾನೆ ಸಾರ್" ಅಂದರು. ಆ ಒಂದು ದಿನಕ್ಕೇ ಅಲ್ವಾ ನಾನು ದುಡ್ಡು ಕೊಟ್ಟದ್ದು? ಸಂಜೆಯೊಳಗೆ ತಿದ್ದಿಸಿಕೊಂಡೆ. ವಾಪಸ್ ಬರುವ ದಿನಕ್ಕಿಂತ ಮೂರ್ನಾಲ್ಕು ದಿನ ಹೆಚ್ಚಿಗೆ ಹಾಕಿಸಿ. ಗುಡ್ಡ ಕುಸಿದು ರಸ್ತೆ ಬಂದ್ ಆಗುವ ದೇಶ ಅದು.

ಇನ್ನೊಂದು ಕೊಕ್ಕೆ ಇದೆ. ಗಾಡಿಯನ್ನು ಹಡಗಿನಲ್ಲೋ ವಿಮಾನದಲ್ಲೋ ಸಾಗಿಸುವಾಗ ಆಗುವ ಹಾನಿ ಈ ಎಂಡಾರ್ಸ್‌ಮೆಂಟ್‌ನಲ್ಲಿ ಬರುವುದಿಲ್ಲ. ನೇಪಾಳಕ್ಕೆ ಅದರ ಗೊಡವೆ ಇಲ್ಲ, ಶ್ರೀಲಂಕಾಕ್ಕೆ ಹೋಗುವವರು ನೋಡಿಕೊಳ್ಳಿ. ರೋಡ್‌ಸೈಡ್ ಅಸಿಸ್ಟೆನ್ಸ್, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ಸೌಲಭ್ಯ) ಇದ್ದರೆ ಅವೂ ಗಡಿಯಾಚೆ ನಡೆಯುತ್ತವಾ ಅಂತ ಇಮೇಲ್‌ನಲ್ಲೇ ಕೇಳಿ. ಫೋನಲ್ಲಿ ‘ಹೂಂ’ ಅಂದದ್ದು ಕ್ಲೇಮಿಗೆ ಬರುವುದಿಲ್ಲ.

ಕಾರಿನ ಗಲಾಟೆಯಲ್ಲಿ ಒಳಗೆ ಕೂತವರನ್ನು ಮರೆತೇಬಿಟ್ಟಿದ್ದೆ. ಅಮ್ಮನ ಹೆಲ್ತ್ ಪಾಲಿಸಿ ತೆಗೆದು ನೋಡಿದರೆ ಚಿಕಿತ್ಸೆ ಭಾರತದೊಳಗೆ ಮಾತ್ರ ಅಂತಿತ್ತು. ಅವರಿಗೆ ಬೇರೆ ಟ್ರಾವೆಲ್ ಪಾಲಿಸಿ ಮಾಡಿಸಿ, ಅದರ ದೇಶಗಳ ಪಟ್ಟಿಯಲ್ಲೂ ನೇಪಾಳ ಇದೆಯಾ ಅಂತ ನೋಡಿಕೊಂಡೆ. ಎಲ್ಲದರ ಎರಡೆರಡು ಪ್ರಿಂಟ್ ತೆಗೆಸಿದೆ. ಒಂದು ಸೆಟ್ ಡ್ಯಾಶ್‌ಬೋರ್ಡ್‌ನಲ್ಲಿ, ಗಡಿಯಲ್ಲಿ ಗಾಡಿಗೆ ಕೊಡುವ ಭನ್ಸಾರ್ (ನೇಪಾಳದ ಕಸ್ಟಮ್ಸ್) ಚೀಟಿಯ ಜತೆ. ಇನ್ನೊಂದು ಅಮ್ಮನ ಕೈಚೀಲದಲ್ಲಿ, ಕೋಡುಬಳೆ ಡಬ್ಬಿಯ ಕೆಳಗೆ.