ಎರಡಂಕಿ ಗುಣಾಕಾರ ಬಾಯಲ್ಲೇ: ವರ್ಗ ನಂಬಿದ ನನ್ನ ಅನುಭವ

78 × 46. ಈ ಲೆಕ್ಕ ನನಗೆ ಈ ಜನ್ಮದಲ್ಲಿ ಮರೆಯುವುದಿಲ್ಲ. ಗೆಳೆಯರ ಜೊತೆ ಪಂದ್ಯ ಕಟ್ಟಿ ಕೂತಿದ್ದೆ. ಅವರು ಕೇಳಿದರು, ನಾನು ಜಂಬದಿಂದ 3858 ಅಂದೆ. ಒಂಬತ್ತರ ತಾಳೆಯನ್ನೂ ನೋಡಿಕೊಂಡಿದ್ದೆ, ಅಂದರೆ ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದಂಕಿ ಉಳಿಯುವವರೆಗೆ ಕೂಡಿ, ಲೆಕ್ಕಕ್ಕೂ ಉತ್ತರಕ್ಕೂ ಹೊಂದುತ್ತಾ ಅಂತ ನೋಡುವುದು. 78 ಅಂದರೆ 6, 46 ಅಂದರೆ 1, ಗುಣಿಸಿದರೆ 6. 3858ರ ಅಂಕಿ ಕೂಡಿದರೆ 24, ಅದೂ 6. ಸರಿಯಾಗಿದೆ ಅಲ್ವಾ? ಫೋನ್ ತೆಗೆದು ನೋಡಿದರೆ 3588. ನಡುವಿನ ಎರಡು ಅಂಕಿ ಅದಲುಬದಲಾಗಿತ್ತು. ಅಂಕಿ ಜಾಗ ಬದಲಿಸಿದರೂ ಮೊತ್ತ ಅದೇ ಇರುತ್ತೆ, ಹಾಗಾಗಿ ಈ ತಪ್ಪು ಒಂಬತ್ತರ ತಾಳೆಯ ಕಣ್ಣಿಗೆ ಬೀಳುವುದೇ ಇಲ್ಲ. ದುಡ್ಡೂ ಹೋಯಿತು, ಮಾನವೂ ಹೋಯಿತು. "ಶಕುಂತಲಾ ದೇವಿ 1980ರಲ್ಲಿ 13 ಅಂಕಿಯ ಎರಡು ಸಂಖ್ಯೆನ 28 ಸೆಕೆಂಡಲ್ಲಿ ಗುಣಿಸಿದ್ರು, ನಿನಗೆ ಎರಡಂಕಿಗೇ ಏದುಸಿರು ಬಂತಲ್ಲೋ" ಅಂತ ಒಬ್ಬ ಕಿಚಾಯಿಸಿದ್ದು ಇನ್ನೂ ಕಿವಿಯಲ್ಲಿದೆ.

ಆಗ ನಾನು ಮಾಡುತ್ತಿದ್ದುದು ಅಡ್ಡ ಗುಣಾಕಾರ, ಬಲದಿಂದ ಎಡಕ್ಕೆ: ಮೊದಲು ಬಿಡಿಗಳನ್ನು ಗುಣಿಸುವುದು, ಆಮೇಲೆ ಅಡ್ಡಡ್ಡ ಗುಣಿಸಿ ಕೂಡುವುದು, ಕೊನೆಗೆ ಹತ್ತುಗಳನ್ನು ಗುಣಿಸುವುದು. ಕಾಗದದ ಮೇಲೆ ಅದನ್ನು ಮೀರಿಸುವುದು ಇಲ್ಲ. ತಲೆಯಲ್ಲಿ ಮಾತ್ರ ಅದು ಸರಿಹೋಗಲ್ಲ, ಯಾಕಂದ್ರೆ ಉತ್ತರ ಬಾಲದ ಕಡೆಯಿಂದ ಬರುತ್ತೆ. ಮೊದಲು 8, ಆಮೇಲೆ ಇನ್ನೊಂದು 8, ಕೊನೆಗೆ 35. ಬಂದ ಅಂಕಿಗಳನ್ನೂ ಹಿಡಿದಿಟ್ಟುಕೊಂಡು, ದಶಕವನ್ನೂ ಹಿಡಿದಿಟ್ಟುಕೊಂಡು, ಕೊನೆಗೆ ಎಲ್ಲವನ್ನೂ ತಿರುಗಿಸಿ ಓದಬೇಕು. ನೂರು ಲೆಕ್ಕಕ್ಕೆ ಇಪ್ಪತ್ತಾದರೂ ತಪ್ಪುತ್ತಿದ್ದವು, ಹೆಚ್ಚೂಕಮ್ಮಿ ಎಲ್ಲವೂ ಓದುವಾಗಲೇ.

ಇದನ್ನು ಸರಿಮಾಡಲು ಸುರಿದ ದುಡ್ಡು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಅಬಾಕಸ್ ತಂದೆ, ಎರಡು ವಾರ ಮಣಿ ಸರಿಸಿ ಮೂಲೆಗಿಟ್ಟೆ. ತಿಂಗಳಿಗಿಷ್ಟು ಅಂತ ಕಟ್ಟುವ ಆ್ಯಪ್ ಹಾಕಿಕೊಂಡೆ, ನಿಲ್ಲಿಸುವುದನ್ನು ಮರೆತು ನಾಲ್ಕೈದು ತಿಂಗಳು ಸುಮ್ನೆ ಕಟ್ಟಿದೆ. (ಲೆಕ್ಕ ಕಲಿಯಲು ಹೋದವನ ಲೆಕ್ಕ ನೋಡಿ!) ಮೂರನೆಯದು ಒಂದು ಆನ್‌ಲೈನ್ ಕೋರ್ಸ್. ಅಲ್ಲಿ ಹೇಳಿಕೊಟ್ಟಿದ್ದೆಲ್ಲ 98 × 97 ಥರದ, ನೂರಕ್ಕೆ ಅಂಟಿಕೊಂಡ ಸಂಖ್ಯೆಗಳೇ. 47 × 69 ಹೇಗೆ ಅಂತ ಕೇಳಿದೆ. ಮುಂದಿನ ಹಂತದ ಕೋರ್ಸಿಗೆ ಸೇರಿ ಅಂದರು.

ಕೊನೆಗೆ ಕೈಹಿಡಿದದ್ದು ಒಂದು ಹಳೇ ನೋಟ್‌ಬುಕ್ಕು ಮತ್ತು ಶಾಲೆಯಲ್ಲಿ ಕಲಿತ ಸೂತ್ರ: (a − b)(a + b) = a² − b². 47 ಮತ್ತು 69ರ ನಡುವಿನ ಸಂಖ್ಯೆ 58. ಎರಡೂ ಅದರಿಂದ 11 ದೂರ. 58ರ ವರ್ಗ 3364, ಅದರಲ್ಲಿ 11ರ ವರ್ಗ 121 ಕಳೆದರೆ 3243. ಅಷ್ಟೇ. ಒಂದು ಸಮ, ಒಂದು ಬೆಸ ಬಂದರೆ ಒಂದನ್ನು ಎಳೆದು ಸರಿಮಾಡಿಕೊಳ್ಳಿ: 47 × 68 ಅಂದರೆ 47 × 67 ಮಾಡಿ ಇನ್ನೊಂದು 47 ಸೇರಿಸುವುದು. 57ರ ವರ್ಗ 3249, ನೂರು ಕಳೆದರೆ 3149, 47 ಕೂಡಿದರೆ 3196.

"ಇದು ಲೆಕ್ಕ ಅಲ್ಲ, ಉರು ಹೊಡೆಯೋದು, ನೂರರವರೆಗೆ ವರ್ಗ ಯಾರು ನೆನಪಿಟ್ಟುಕೊಳ್ತಾರೆ" ಅಂತ ಕೆಲವರು ಅಂದರು. ನೂರರವರೆಗೆ ಬೇಕಾಗಿಯೇ ಇಲ್ಲ, 25ರವರೆಗೆ ಬಂದರೆ ಸಾಕು. ಅಲ್ಲಿಂದ 75ರವರೆಗೆ 50ರಿಂದ ಎಷ್ಟು ದೂರ ಅಂತ ನೋಡಿ. 43 ಅಂದರೆ 7 ಕಮ್ಮಿ. 50ರ ವರ್ಗ 2500, ಅದರ ಮುಂದಿನ 25ರಲ್ಲಿ 7 ಕಳೆದರೆ (50 ದಾಟಿದ್ದರೆ ಕೂಡಬೇಕು) 18, ಪಕ್ಕದಲ್ಲಿ 7ರ ವರ್ಗ 49, ಉತ್ತರ 1849. 75 ದಾಟಿದರೆ ನೂರರಿಂದ ಅಳೆಯಿರಿ. 88 ಅಂದರೆ 12 ಕಮ್ಮಿ, 88ರಲ್ಲೇ ಇನ್ನೊಂದು 12 ಕಳೆದರೆ 76, ಪಕ್ಕದಲ್ಲಿ 144 ಕೂರಿಸಿದರೆ 1 ಮೇಲಕ್ಕೆ ಹೋಗಿ 7744. ಹೀಗೆ ಮಾಡುವಾಗ ಕಣ್ಣಿಗೆ ಬಿದ್ದದ್ದು: 12, 38, 62, 88 ಈ ನಾಲ್ಕರ ವರ್ಗವೂ 44ರಲ್ಲೇ ಮುಗಿಯುತ್ತೆ. 144, 1444, 3844, 7744. 50ರ ಎರಡೂ ಕಡೆ ಒಂದೇ ದೂರ ಇದ್ದರೆ ಬಾಲ ಒಂದೇ. ನಾನೇ ಕಂಡುಹಿಡಿದೆ ಅಂತ ಎರಡು ದಿನ ಬೀಗಿದ್ದೆ.

ಈ ದಾರಿಯೇನೂ ಹೊಸದಲ್ಲ. ಎರಡು ಸಂಖ್ಯೆಗಳ ಮೊತ್ತದ ವರ್ಗದ ಕಾಲುಭಾಗದಿಂದ ವ್ಯತ್ಯಾಸದ ವರ್ಗದ ಕಾಲುಭಾಗ ಕಳೆದರೆ ಗುಣಲಬ್ಧ. ಇದಕ್ಕೆಂದೇ 1817ರಲ್ಲಿ ಆಂಟೊಯಿನ್ ವೊಯ್ಸಿನ್ ಎಂಬಾತ 1000ದವರೆಗೆ ಕಾಲುವರ್ಗಗಳ ಕೋಷ್ಟಕ ಅಚ್ಚು ಹಾಕಿಸಿದ್ದ. ಆಗಿನವರು ಪುಸ್ತಕ ತೆರೆದು ನೋಡುತ್ತಿದ್ದುದನ್ನು ನಾನು ತಲೆಯಲ್ಲಿ ಇಟ್ಟುಕೊಂಡೆ, ಅಷ್ಟೇ ವ್ಯತ್ಯಾಸ.

ಆದರೂ ಎಡವಿದೆ. ವರ್ಗ ಎರಡು ವಾರದಲ್ಲಿ ಬಾಯಿಗೆ ಬಂತು, ಕಳೆಯುವುದು ಬರಲಿಲ್ಲ! 3844ರಲ್ಲಿ 256 ಕಳೆಯುವಾಗ ಸಾಲ ತೆಗೆದೂ ತೆಗೆದೂ ಸುಸ್ತು. 300 ಕಳೆದು 44 ವಾಪಸ್ ಕೊಡುವುದು ರೂಢಿಯಾಗಬೇಕಿತ್ತು. ಅಭ್ಯಾಸಕ್ಕೆ ಅಂತ ಕಾಪ್ರೇಕರ್ ಆಟ ಹಿಡಿದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಅವರ ಆಟ ಇದು: ನಾಲ್ಕೂ ಅಂಕಿ ಒಂದೇ ಅಲ್ಲದ ಒಂದು ನಾಲ್ಕಂಕಿ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯುತ್ತಾ ಹೋದರೆ ಕೊನೆಗೆ 6174 ಬಂದು ನಿಲ್ಲುತ್ತೆ. 2749 ತೆಗೆದುಕೊಳ್ಳಿ: 9742ರಲ್ಲಿ 2479 ಹೋದರೆ 7263, ಆಮೇಲೆ 5265, 3996, 6264, 4176, ಕೊನೆಗೆ 6174. ಎಷ್ಟೇ ಎಳೆದರೂ ಏಳು ಸಲದೊಳಗೆ ಮುಗಿಯುತ್ತೆ.

ದಿನಾ ರಾತ್ರಿ ಹತ್ತು ಸಂಖ್ಯೆ. ಒಂದು ವಾರ ಎಲ್ಲವೂ 6174ಕ್ಕೆ ಬಂದವು, ಒಂದೂ ತಪ್ಪಿಲ್ಲ ಅಂತ ಡಂಗುರ ಸಾರಿದೆ. ಆಮೇಲೆ ಹೊಳೆಯಿತು, ನಡುವೆ ತಪ್ಪು ಮಾಡಿದರೂ ಬರುವುದು 6174ಕ್ಕೇ! ತಪ್ಪು ಉತ್ತರವೂ ಒಂದು ನಾಲ್ಕಂಕಿ ಸಂಖ್ಯೆ ತಾನೇ, ಅದೂ ಅಲ್ಲಿಗೇ ಹೋಗುತ್ತೆ. ನೋಟ್‌ಬುಕ್ ತೆಗೆದು ನೋಡಿದರೆ ಎಪ್ಪತ್ತರಲ್ಲಿ ಹದಿನೈದರಷ್ಟು ದಾರಿ ತಪ್ಪಿದ್ದವು. ಆಮೇಲಿಂದ ಪ್ರತಿ ಹೆಜ್ಜೆಗೂ ಅಂಕಿ ಕೂಡಿ ನೋಡುತ್ತಿದ್ದೆ, ಅಲ್ಲಿ ಬರುವ ವ್ಯತ್ಯಾಸವೆಲ್ಲ 9ರಿಂದ ಭಾಗವಾಗಲೇಬೇಕು. ದೊಡ್ಡ ಚಿಕ್ಕ ಅಂಕಿಗಳ ಅಂತರವನ್ನು 999ರಿಂದ, ನಡುವಿನ ಎರಡರ ಅಂತರವನ್ನು 90ರಿಂದ ಗುಣಿಸಿ ಕೂಡಿದರೂ ಅದೇ ಉತ್ತರ ಬರುತ್ತೆ. ಹಾಗೆ ಮಾಡಿದರೆ ಕಳೆಯುವ ಅಭ್ಯಾಸವೇ ಆಗಲ್ಲ, ಅದಕ್ಕೆ ಬಿಟ್ಟೆ.

ತಾಳೆಗೆ ಈಗ ಒಂಬತ್ತರ ಜೊತೆ ಹನ್ನೊಂದನ್ನೂ ಸೇರಿಸಿದ್ದೇನೆ. ಬಲದಿಂದ ಒಂದಂಕಿ ಕೂಡು, ಮುಂದಿನದು ಕಳೆ. 78 ಅಂದರೆ 1, 46 ಅಂದರೆ 2, ಗುಣಿಸಿದರೆ 2. 3588: 8 − 8 + 5 − 3, ಅದೂ 2. ನಾನು ಹೇಳಿದ್ದ 3858ಕ್ಕೆ 8 ಬರುತ್ತೆ. ಅವತ್ತು ಇಷ್ಟು ಗೊತ್ತಿದ್ದರೆ ಪಂದ್ಯ ಉಳಿಯುತ್ತಿತ್ತು.

ಎಲ್ಲ ಕಡೆಯೂ ವರ್ಗ ಹಿಡಿಯಬೇಕಿಲ್ಲ. 23 × 91ಕ್ಕೆ ಯಾರಾದರೂ 57ರ ವರ್ಗದಲ್ಲಿ 34ರ ವರ್ಗ ಕಳೆಯುತ್ತಾ ಕೂತರೆ ನಗುತ್ತೇನೆ. 2070ಕ್ಕೆ 23 ಸೇರಿಸಿದರೆ ಮುಗೀತು. ಯಾವುದಕ್ಕೆ ಯಾವುದು ಅಂತ ಥಟ್ಟನೆ ಗುರುತಿಸಲು ನನ್ನದೊಂದು ಗುಟ್ಟಿದೆ. ಇನ್ನೊಂದು ಪಂದ್ಯ ಬಾಕಿ ಇರುವುದರಿಂದ ಅದನ್ನು ಈಗಲೇ ಹೇಳಲ್ಲ.

ನಾಲ್ಕು ತಿಂಗಳು, ದಿನಕ್ಕೆ ಇಪ್ಪತ್ತು ನಿಮಿಷ. ಈಗ ಒಂದು ಲೆಕ್ಕಕ್ಕೆ ಐದಾರು ಸೆಕೆಂಡು, ನೂರಕ್ಕೆ ಎರಡೋ ಮೂರೋ ತಪ್ಪು. ಹೋದ ತಿಂಗಳು ಅದೇ ಗುಂಪು ಮತ್ತೆ ಕೂತಿತ್ತು. ಕಿಚಾಯಿಸಿದ್ದವನೇ 83 × 37 ಎಸೆದ. ನಡುವೆ 60, ದೂರ 23, 3600ರಲ್ಲಿ 529. ಅವನು ಫೋನ್ ಲಾಕ್ ತೆಗೆಯುವ ಮೊದಲೇ 3071 ಅಂದೆ. ಹೋದ ದುಡ್ಡು ವಾಪಸ್ ಬಂತು. ಕೋರ್ಸಿನದು ಬರಲಿಲ್ಲ.