ಮಳೆ ಸದ್ದಿನ ನಡುವೆ ಡ್ರಮ್ಸ್: ಲ್ಯಾಪ್‌ಟಾಪಲ್ಲೇ ರಿದಮ್ ಟ್ರ್ಯಾಕ್ ಕಟ್ಟೋದು ಹೇಗೆ

ಜೂನ್ ಹಿಡಿದ್ರೆ ಸೆಪ್ಟೆಂಬರ್ ತನಕ ಶಿರಸಿ, ಸಿದ್ದಾಪುರ ಕಡೆ ಮನೇಲಿ ಮೈಕ್ ಇಟ್ಟು ರೆಕಾರ್ಡಿಂಗ್ ಮಾಡ್ತೀನಿ ಅನ್ನೋದು ಕನಸಿನ ಮಾತು. ತಗಡಿನ ಮೇಲೆ ಮಳೆ ಬಡಿಯೋಕೆ ಶುರುವಾದ್ರೆ ಪಕ್ಕದಲ್ಲಿ ಕೂತೋರ ಮಾತೇ ಕೇಳಲ್ಲ, ಮಳೆ ನಿಂತ್ರೆ ಕಪ್ಪೆ ಶುರು, ಕಪ್ಪೆ ಸುಮ್ನಾದ್ರೆ ಜೀರುಂಡೆ. ಕರಾವಳಿ ಕಡೆ ಕುಮಟಾ, ಅಂಕೋಲಾ, ಕಾರವಾರದಲ್ಲಿ ಹೆದ್ದಾರಿ ಪಕ್ಕ ಮನೆ ಇದ್ರಂತೂ ಲಾರಿ ಸದ್ದು ವರ್ಷಪೂರ್ತಿ ಫ್ರೀ. ಹಾಡೋದನ್ನ, ಗಿಟಾರನ್ನ ಹೇಗೋ ರಾತ್ರಿ ಎರಡು ಗಂಟೆಗೆ ಎದ್ದು ಮುಗಿಸಬಹುದು, ಆದ್ರೆ ಡ್ರಮ್ಸ್? ಒಂದು ಕಿಟ್ಟು, ಅದಕ್ಕೆ ಏಳೆಂಟು ಮೈಕು, ಅಷ್ಟೂ ಮೈಕಿಗೆ ಇನ್‌ಪುಟ್ ಇರೋ ಇಂಟರ್‌ಫೇಸು (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆ), ಆಮೇಲೆ ಅಕ್ಕಪಕ್ಕದೋರ ಸಹನೆ, ಇಷ್ಟೂ ಬೇಕು. ಅದಕ್ಕೇ ವರ್ಚುವಲ್ ಡ್ರಮ್ಸ್. ಕಂಪ್ಯೂಟರ್ ಒಳಗೇ ಹುಟ್ಟೋ ಸೌಂಡಿಗೆ ಹೊರಗಿನ ಮಳೆ ತಾಗಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ತುಂಬಾ ಜನ "ಯಾವ ಸಾಫ್ಟ್‌ವೇರ್ ತಗೊಳ್ಳಲಿ" ಅಂತಾನೇ ತಿಂಗಳುಗಟ್ಟಲೆ ಹುಡುಕ್ತಾ ಇರ್ತಾರೆ, ಕಡೆಗೆ ದುಡ್ಡು ಕೊಟ್ಟು ತಂದ ಮೇಲೂ ಟ್ರ್ಯಾಕು ಟೈಪ್‌ರೈಟರ್ ಥರಾನೇ ಕೇಳುತ್ತೆ. ಫ್ರೀ ಸಿಗೋ ಪ್ಲಗಿನ್ನಲ್ಲೂ (ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಕೂತು ಸೌಂಡ್ ಕೊಡೋ ಸಣ್ಣ ಸಾಫ್ಟ್‌ವೇರ್) ಪೆಟ್ಟಿನ ಜೋರು ಮತ್ತು ಪೆಟ್ಟು ಬೀಳೋ ಹೊತ್ತು, ಈ ಎರಡನ್ನ ಕೂತು ಸರಿ ಮಾಡಿದ್ರೆ ಹತ್ರತ್ರ ಮನುಷ್ಯ ಬಾರಿಸಿದ ಹಾಗೇ ಬರುತ್ತೆ. ಈ ಲೇಖನದಲ್ಲಿ ಹೆಚ್ಚಿನ ಜಾಗ ಅದಕ್ಕೇ ಕೊಡ್ತೀನಿ, ಉಳಿದದ್ದು ಬೇಗ ಬೇಗ.

ಮಿಡಿ ಅಂದ್ರೆ ಎಂತ

ಮಿಡಿ ಫೈಲಲ್ಲಿ ಸೌಂಡ್ ಇರಲ್ಲ ಮಾರಾಯ್ರೆ, ಇದು ಮೊದಲು ತಲೇಲಿ ಕೂರಬೇಕು. ಅದರಲ್ಲಿ ಇರೋದು ಸೂಚನೆ ಮಾತ್ರ: ಯಾವ ನೋಟು, ಯಾವಾಗ, ಎಷ್ಟು ಜೋರಾಗಿ, ಯಾವಾಗ ಬಿಡಬೇಕು. ಯಕ್ಷಗಾನದ ಪ್ರಸಂಗದ ಪುಸ್ತಕ ಇದ್ದ ಹಾಗೆ, ಪದ್ಯ ಅದೇ, ಹಾಡೋ ಭಾಗವತರು ಬದಲಾದ್ರೆ ಆಟದ ರುಚಿಯೇ ಬೇರೆ. ಅದೇ ಥರ ಒಂದೇ ಮಿಡಿಯನ್ನ ಈ ಡ್ರಮ್ ಪ್ಲಗಿನ್‌ಗೆ ಕೊಟ್ರೆ ರಾಕ್ ಕಿಟ್ಟು, ಇನ್ನೊಂದಕ್ಕೆ ಕೊಟ್ರೆ ಜಾಝ್ ಕಿಟ್ಟು. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದಕ್ಕೊಂದು ಮಾತಾಡ್ಲಿ ಅಂತ ರೋಲ್ಯಾಂಡ್ ಕಂಪನಿಯ ಇಕುಟಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದೆ ನಿಂತು ತಂದ ವ್ಯವಸ್ಥೆ ಇದು. 1983ರ ಜನವರಿಯಲ್ಲಿ ಪ್ರಾಫೆಟ್ 600 ಮತ್ತು ಜುಪಿಟರ್ 6 ಅನ್ನೋ ಎರಡು ಸಿಂಥಸೈಜರಿಗೆ ಕೇಬಲ್ ಹಾಕಿ ಎಲ್ಲರೆದುರು ತೋರಿಸಿದ್ರು. ಈ ಕೆಲಸಕ್ಕೆ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು. ನಾಲ್ಕು ದಶಕ ಆದ್ರೂ ನಾವು ಇವತ್ತಿಗೂ ಹೆಚ್ಚುಕಮ್ಮಿ ಅದೇ ಭಾಷೇಲೇ ಕೆಲಸ ಮಾಡ್ತಾ ಇದ್ದೀವಿ.

ಏನೇನು ಬೇಕು

8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್, ವೈರ್ ಇರೋ ಹೆಡ್‌ಫೋನ್. ಬ್ಲೂಟೂತ್ ಇಯರ್‌ಬಡ್ಸ್ ಬೇಡವೇ ಬೇಡ, ಕೀ ಒತ್ತಿದ್ದಕ್ಕೂ ಸೌಂಡ್ ಕಿವಿಗೆ ಬರೋದಕ್ಕೂ ನಡುವೆ ಎದ್ದು ಕಾಣೋಷ್ಟು ಗ್ಯಾಪ್ ಬೀಳುತ್ತೆ, ತಾಳಾನೇ ಸಿಗಲ್ಲ. 25 ಕೀ ಇರೋ ಸಣ್ಣ ಮಿಡಿ ಕೀಬೋರ್ಡ್ ಇದ್ರೆ ಒಳ್ಳೇದು, ಅಕಾಯ್ ಎಂಪಿಕೆ ಮಿನಿ ಥರದ್ದರಲ್ಲಿ ಎಂಟು ಪ್ಯಾಡೂ ಇರುತ್ತೆ, ಆದ್ರೆ ಕಡ್ಡಾಯ ಅಲ್ಲ, ಮೌಸಲ್ಲೇ ನೋಟು ಚುಚ್ಚಿ ಪೂರ್ತಿ ಹಾಡು ಮಾಡಬಹುದು. ಕರಾವಳಿಯ ಉಪ್ಪು ಗಾಳಿಗೆ ಪ್ಯಾಡು, ಜ್ಯಾಕು ಎಲ್ಲ ಬೇಗ ಹಾಳಾಗುತ್ತೆ, ಹಾಗಾಗಿ ಉಪಯೋಗಿಸದೇ ಇದ್ದಾಗ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಇನ್ನು ರೆಕಾರ್ಡಿಂಗ್ ಸಾಫ್ಟ್‌ವೇರ್, ಇದಕ್ಕೆ DAW ಅಂತಾರೆ. ಮ್ಯಾಕ್ ಇದ್ರೆ ಗ್ಯಾರೇಜ್‌ಬ್ಯಾಂಡ್ ಫ್ರೀ ಇದೆ, ಅದರಲ್ಲೇ ಡ್ರಮ್ಸೂ ಇದೆ. ವಿಂಡೋಸಿನೋರಿಗೆ ನನ್ನ ವೋಟು ರೀಪರ್‌ಗೆ, ಸೈಜು ತುಂಬಾ ಚಿಕ್ಕದು, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ, 60 ದಿನ ಏನೂ ಕಟ್ ಮಾಡದೆ ಪೂರ್ತಿ ಟ್ರೈ ಮಾಡೋಕೆ ಕೊಡ್ತಾರೆ, ಆಮೇಲೆ ಮನೆ ಮಟ್ಟಿನ ಕೆಲಸಕ್ಕೆ ಲೈಸೆನ್ಸ್ 60 ಡಾಲರ್. ಡ್ರಮ್ ಪ್ಲಗಿನ್‌ಗೆ ಎಂಟಿ ಪವರ್ ಡ್ರಮ್ ಕಿಟ್ 2 ಅಥವಾ ಸ್ಟೀವನ್ ಸ್ಲೇಟ್ ಡ್ರಮ್ಸಿನ ಫ್ರೀ ಆವೃತ್ತಿ, ಎರಡರಲ್ಲಿ ಒಂದು ಸಾಕು. ದುಡ್ಡು ಕೊಡೋದಾದ್ರೆ ಈಝಿಡ್ರಮ್ಮರ್, ಅಡಿಕ್ಟಿವ್ ಡ್ರಮ್ಸ್ ಇವೆ. ಸುಪೀರಿಯರ್ ಡ್ರಮ್ಮರ್ 3 ತಗೊಳ್ಳೋ ಆಸೆ ಇದ್ರೆ ಅದರ ಪೂರ್ತಿ ಸೌಂಡ್ ಲೈಬ್ರರಿ 230 ಜಿಬಿ ಅನ್ನೋದು ನೆನಪಿರಲಿ, ಒಂದೇ ಕಡ್ಡಿ ಸಿಗ್ನಲ್ ಬರೋ ಘಟ್ಟದ ಹಳ್ಳೀಲಿ ಕೂತು ಅದನ್ನ ಇಳಿಸೋಕೆ ಹೊರಟ್ರೆ ಮುಂದಿನ ಮಾರಿಕಾಂಬಾ ಜಾತ್ರೆ ಬಂದುಬಿಡಬಹುದು. ಕ್ರ್ಯಾಕ್ ಮಾಡಿದ್ದು ಬೇಡ, ವೈರಸ್ಸಿಗಿಂತ ಹೆಚ್ಚಾಗಿ ಅರ್ಧ ಪ್ರಾಜೆಕ್ಟಿನಲ್ಲಿ ಕೈ ಕೊಡುತ್ತೆ.

ಸೆಟಪ್

ರೀಪರ್ ತೆಗೆದು ಪ್ರಿಫರೆನ್ಸಸ್‌ನಲ್ಲಿ ಆಡಿಯೋ ಡಿವೈಸ್‌ಗೆ ಹೋಗಿ. ಇಂಟರ್‌ಫೇಸ್ ಇದ್ರೆ ಅದರದ್ದೇ ಏಸಿಯೊ (ASIO, ಸೌಂಡ್ ತಡ ಆಗದ ಹಾಗೆ ನೋಡೋದು) ಡ್ರೈವರ್, ಇಲ್ಲ ಅಂದ್ರೆ ಏಸಿಯೊ4ಆಲ್ ಅಂತ ಫ್ರೀ ಸಿಗುತ್ತೆ ಅದನ್ನ ಹಾಕ್ಕೊಳ್ಳಿ. ಬಫರ್ ಸೈಜ್, ಅಂದ್ರೆ ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ (ಸೌಂಡಿನ ಚೂರು) ಕೂಡಿಟ್ಟು ಕಳಿಸುತ್ತೆ ಅನ್ನೋದು, 128 ಇಡಿ. 44,100 ಸ್ಯಾಂಪಲ್ ರೇಟಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) 128 ಅಂದ್ರೆ ಸುಮಾರು 3 ಮಿಲಿಸೆಕೆಂಡ್, ಗೊತ್ತೇ ಆಗಲ್ಲ. 1024 ಇದ್ರೆ 23 ಮಿಲಿಸೆಕೆಂಡ್, ಆಗ ಕೈ ಒಂದು ಕಡೆ ಕಿವಿ ಒಂದು ಕಡೆ. ಚಟಪಟ ಸದ್ದು ಬಂದ್ರೆ 256ಕ್ಕೆ ಏರಿಸಿ. ಬಾರಿಸೋದೆಲ್ಲ ಮುಗಿದು ಮಿಕ್ಸಿಂಗಿಗೆ ಕೂತಾಗ 1024ಕ್ಕೆ ಹಾಕಿದ್ರೆ ಲ್ಯಾಪ್‌ಟಾಪ್ ಉಸಿರಾಡುತ್ತೆ.

ಆಮೇಲೆ ಇನ್ಸರ್ಟ್ ಮೆನುವಲ್ಲಿ ಹೊಸ ಟ್ರ್ಯಾಕಿನಲ್ಲಿ ವರ್ಚುವಲ್ ಇನ್‌ಸ್ಟ್ರುಮೆಂಟ್ ಅಂತ ಇದೆ, ಒತ್ತಿ ನಿಮ್ಮ ಡ್ರಮ್ ಪ್ಲಗಿನ್ ಆರಿಸಿ. ಕೀಬೋರ್ಡ್ ಇದ್ರೆ ಒತ್ತಿ ನೋಡಿ, ಸೌಂಡ್ ಬಂದ್ರೆ ಅರ್ಧ ಗೆದ್ದ ಹಾಗೆ. ಟೈಮ್‌ಲೈನಲ್ಲಿ ನಾಲ್ಕು ಬಾರ್ (ಒಂದು ಬಾರ್ ಅಂದ್ರೆ ತಾಳದ ಒಂದು ಸುತ್ತು, ಇಲ್ಲಿ ನಾಲ್ಕು ಬೀಟು) ಎಳೆದು ಸೆಲೆಕ್ಟ್ ಮಾಡಿ, ಇನ್ಸರ್ಟ್ ಮೆನುವಿಂದ ಹೊಸ ಮಿಡಿ ಐಟಂ ಹಾಕಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ನೋಟು ಹಾಕೋ ಚೌಕದ ಹಾಳೆ, ಅಂದ್ರೆ ಪಿಯಾನೋ ರೋಲ್ ತೆರೆಯುತ್ತೆ. ಆಟೋಸೇವ್ ಆನ್ ಮಾಡಿಡಿ. ಯಾಕೆ ಅಂತ ನಮ್ಮ ಕಡೆ ಕರೆಂಟಿನ ಬಗ್ಗೆ ಗೊತ್ತಿರೋರಿಗೆ ಹೇಳೋದೇ ಬೇಡ.

ಯಾವ ನೋಟಿಗೆ ಯಾವ ಡ್ರಮ್ಮು ಅನ್ನೋದಕ್ಕೆ 1991ರಲ್ಲಿ ಬಂದ ಜನರಲ್ ಮಿಡಿ ಅನ್ನೋ ಒಪ್ಪಂದ ಇದೆ, ಹೆಚ್ಚಿನ ಪ್ಲಗಿನ್‌ಗಳು ಮುಖ್ಯ ಪೀಸುಗಳಿಗೆ ಅದನ್ನೇ ಇಟ್ಕೊಂಡಿವೆ: ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮು) 36, ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್ಮು) 38, ಮುಚ್ಚಿದ ಹೈಹ್ಯಾಟ್ (ಜೋಡಿ ತಟ್ಟೆ) 42, ತೆರೆದದ್ದು 46, ಕ್ರ್ಯಾಶ್ (ಜೋರಾಗಿ ಸಿಡಿಯೋ ತಟ್ಟೆ) 49, ರೈಡ್ (ತಾಳ ಹಿಡಿಯೋ ದೊಡ್ಡ ತಟ್ಟೆ) 51. ನಂಬರನ್ನೇ ನೆನಪಿಡಿ, ಅಕ್ಷರದ ಹೆಸರನ್ನಲ್ಲ, ಯಾಕಂದ್ರೆ 36ನೇ ನೋಟನ್ನ ಒಂದು ಸಾಫ್ಟ್‌ವೇರ್ ಸಿ1 ಅಂದ್ರೆ ಇನ್ನೊಂದು ಸಿ2 ಅನ್ನುತ್ತೆ, ಯೂಟ್ಯೂಬ್ ನೋಡಿ ಕಲಿಯೋರು ಇಲ್ಲೇ ಗಲಿಬಿಲಿ ಆಗೋದು.

ಮೊದಲ ತಾಳ, ಮತ್ತೆ ಅದಕ್ಕೆ ಜೀವ

ಟೆಂಪೋ 92 ಇಡಿ, ಅಂದ್ರೆ ನಿಮಿಷಕ್ಕೆ 92 ಬೀಟು. ಒಂದು ಬಾರ್‌ಗೆ ಎಂಟು ಹೈಹ್ಯಾಟ್, ಒಂದು ಮತ್ತು ಮೂರನೇ ಬೀಟಿಗೆ ಕಿಕ್, ಎರಡು ಮತ್ತು ನಾಲ್ಕಕ್ಕೆ ಸ್ನೇರ್. ಲೋಕದ ಅರ್ಧ ಹಾಡುಗಳಿಗೆ ಇದು ಸಾಕು. ಪ್ಲೇ ಮಾಡಿ ಕೇಳಿ. ಕೆಟ್ಟದಾಗಿ ಇರುತ್ತೆ.

ಈಗ ಕೆಳಗಡೆ ಇರೋ ವೆಲಾಸಿಟಿ ಪಟ್ಟಿ ನೋಡಿ, ಎಲ್ಲ ಗೆರೆಗಳೂ ಒಂದೇ ಎತ್ತರ ಇರ್ತಾವೆ. ವೆಲಾಸಿಟಿ 1ರಿಂದ 127ರ ತನಕ, ಅಂದ್ರೆ ಪೆಟ್ಟು ಎಷ್ಟು ಜೋರು ಅಂತ. ಇದನ್ನ ಬರೀ ವಾಲ್ಯೂಮ್ ಅಂದ್ಕೋಬೇಡಿ, ಒಳ್ಳೆ ಪ್ಲಗಿನ್‌ಗಳಲ್ಲಿ ಮೆತ್ತಗೆ, ಮಧ್ಯಮ, ಜೋರು ಅಂತ ಬೇರೆ ಬೇರೆ ಪೆಟ್ಟನ್ನೇ ರೆಕಾರ್ಡ್ ಮಾಡಿ ಇಟ್ಟಿರ್ತಾರೆ, ವೆಲಾಸಿಟಿ ಬದಲಾದ್ರೆ ಸೌಂಡಿನ ಬಣ್ಣಾನೇ ಬದಲಾಗುತ್ತೆ. ಹೈಹ್ಯಾಟಲ್ಲಿ ಬೀಟಿನ ಮೇಲೆ ಬೀಳೋದಕ್ಕೆ 90ರ ಆಸುಪಾಸು, ನಡುವಿನದಕ್ಕೆ 55, 60 ಕೊಡಿ, ಅದರಲ್ಲೂ ಒಂದು 52, ಮುಂದಿನದು 61, ಹೀಗೆ ಏರುಪೇರು ಇರಲಿ. ಸ್ನೇರ್ 105ರಿಂದ 118ರ ನಡುವೆ. ಕಿಕ್ಕಲ್ಲಿ ಮೊದಲನೇದು 110, ಎರಡನೇದು ಒಂದು ಚೂರು ಕಮ್ಮಿ. ಮತ್ತೊಮ್ಮೆ ಕೇಳಿ, ಅದೇ ನೋಟುಗಳು, ಆದ್ರೆ ಈಗ ಯಾರೋ ಕೂತು ಬಾರಿಸ್ತಾ ಇದ್ದಾರೆ ಅನ್ಸುತ್ತೆ. ಆಮೇಲೆ ಸ್ನೇರಿನ ಆಚೀಚೆ 25ರಿಂದ 40ರ ವೆಲಾಸಿಟಿಯಲ್ಲಿ ಒಂದೆರಡು ಘೋಸ್ಟ್ ನೋಟು, ಅಂದ್ರೆ ತೀರಾ ಮೆತ್ತಗಿನ ಸ್ನೇರ್ ಪೆಟ್ಟು ಹಾಕಿ, ಕಿವಿಗೆ ಕೇಳಿದ ಹಾಗೂ ಇರಬಾರದು, ಆದ್ರೆ ತೆಗೆದ್ರೆ ಏನೋ ಕಮ್ಮಿ ಆಯ್ತು ಅನಿಸಬೇಕು.

ಇನ್ನು ಹೊತ್ತು. ಕ್ವಾಂಟೈಸ್ ಅಂದ್ರೆ ಆಚೀಚೆ ಬಿದ್ದ ನೋಟುಗಳನ್ನ ಗ್ರಿಡ್ಡಿಗೆ ಎಳೆದು ಕೂರಿಸೋದು. ಕೀಬೋರ್ಡಲ್ಲಿ ಬಾರಿಸಿ ರೆಕಾರ್ಡ್ ಮಾಡಿದೋರು 100 ಪರ್ಸೆಂಟ್ ಕ್ವಾಂಟೈಸ್ ಒತ್ತಿ ಕೈ ತೊಳೆದುಕೊಳ್ತಾರೆ, ಅಲ್ಲಿಗೆ ಬಾರಿಸಿದ್ದು ವ್ಯರ್ಥ. ಸ್ಟ್ರೆಂತ್ 70, 80 ಇಡಿ, ತಪ್ಪು ಸರಿಯಾಗುತ್ತೆ, ಕೈಯ ಗುರುತು ಉಳಿಯುತ್ತೆ. ಮೌಸಲ್ಲಿ ಚುಚ್ಚಿದೋರು ಹ್ಯೂಮನೈಸ್ ಅನ್ನೋ ಆಯ್ಕೆ ಉಪಯೋಗಿಸಬಹುದು, ಅದು ಸುಮ್ನೆ ಕಣ್ಣು ಮುಚ್ಚಿ ಆಚೀಚೆ ಚೆಲ್ಲುತ್ತೆ, ಹಾಗಾಗಿ ಸ್ವಲ್ಪವೇ ಹಾಕಿ. ನನಗೆ ಕೇಳಿದ್ರೆ ಕೈಯಲ್ಲೇ ಮಾಡೋದು ವಾಸಿ: 92 ಟೆಂಪೋದಲ್ಲಿ ಒಂದು ಬೀಟು 652 ಮಿಲಿಸೆಕೆಂಡ್, ಅದರಲ್ಲಿ ಸ್ನೇರನ್ನ ಎಂಟೋ ಹತ್ತೋ ಮಿಲಿಸೆಕೆಂಡ್ ತಡವಾಗಿ ಬೀಳೋ ಹಾಗೆ ತಳ್ಳಿದ್ರೆ ಹಾಡು ಆರಾಮಾಗಿ ಒರಗಿ ಕೂರುತ್ತೆ, ಭಾವಗೀತೆಗೆ ಚಂದ. ಬೇಗ ಬೀಳೋ ಹಾಗೆ ಎಳೆದ್ರೆ ಅವಸರ ಬರುತ್ತೆ.

ಮತ್ತೊಂದು, ಡ್ರಮ್ಮರಿಗೆ ಇರೋದು ಎರಡು ಕೈ ಎರಡು ಕಾಲು. ಕ್ರ್ಯಾಶ್, ಸ್ನೇರ್, ಹೈಹ್ಯಾಟ್ ಮೂರೂ ಕೋಲಿನ ಪೆಟ್ಟು ಒಂದೇ ಕ್ಷಣಕ್ಕೆ ಬಿದ್ರೆ ಮೂರನೇ ಕೈ ಎಲ್ಲಿಂದ ಬಂತು? ಕ್ರ್ಯಾಶ್ ಬಿದ್ದಲ್ಲಿ ಹೈಹ್ಯಾಟ್ ತೆಗೀರಿ, ಟಾಮ್ಸಲ್ಲಿ (ಕಿಟ್ಟಿನ ಉಳಿದ ಡ್ರಮ್ಮುಗಳು) ಫಿಲ್, ಅಂದ್ರೆ ನಡುವೆ ತುಂಬಿಸೋ ಚಿಕ್ಕ ಉರುಳಿಕೆ ಬಂದಾಗಲೂ ತೆಗೀರಿ. ಕ್ರ್ಯಾಶ್ ಜೊತೆ ಕಿಕ್ ಇರಲಿ, ಇಲ್ಲದಿದ್ರೆ ತಟ್ಟೆ ಬಿದ್ದ ಸದ್ದು ಮಾತ್ರ ಬರುತ್ತೆ.

ನಮ್ಮ ತಾಳ, ನಮ್ಮ ವಾದ್ಯ

ನಾಲ್ಕರ ಲೆಕ್ಕ ಬಿಟ್ಟು ಯಕ್ಷಗಾನದ ಪದ್ಯಕ್ಕೆ ಏನಾದ್ರೂ ಮಾಡೋ ಆಸೆ ಇದ್ರೆ ಟೈಮ್ ಸಿಗ್ನೇಚರ್ ಬದಲಿಸಿ. ತ್ರಿವುಡೆಗೆ ಏಳು, 3 ಮತ್ತು 4 ಆಗಿ ಒಡೆದು ಕಿಕ್ ಇಟ್ರೆ ಸರಿ ಕೂರುತ್ತೆ. ರೂಪಕಕ್ಕೆ ಆರು. ಭಾಗವತರು ಪದ್ಯ ಏರಿಸ್ತಾ ಹೋದ ಹಾಗೆ ಲಯಾನೂ ಏರುತ್ತೆ, ಒಂದೇ ವೇಗದ ಟಿಕ್ ಟಿಕ್ ಕ್ಲಿಕ್ಕಿಗೆ ಕಟ್ಟಿಹಾಕಿ ಹಾಡಿಸಿದ್ರೆ ಸತ್ತು ಹೋಗುತ್ತೆ, ಅದಕ್ಕೆ ಮೊದಲು ಅವರನ್ನ ತಾಳ ಹಿಡಿದು ಬೇಕಾದ ಹಾಗೆ ಹಾಡೋಕೆ ಬಿಟ್ಟು, ಆಮೇಲೆ ಟೆಂಪೋ ಮ್ಯಾಪ್ (ಎಲ್ಲೆಲ್ಲಿ ಎಷ್ಟು ವೇಗ ಅನ್ನೋ ನಕ್ಷೆ) ಹಾಕಿ ಮಿಡಿಯನ್ನ ಅವರ ಹಿಂದೆ ಓಡಿಸಿ. ಚಂಡೆ ಇರೋ ಟ್ರ್ಯಾಕಿಗೆ ಸ್ನೇರ್ ಹಾಕಲೇಬೇಡಿ ಅನ್ನೋದು ನನ್ನ ಅಭಿಪ್ರಾಯ, ಎರಡೂ ಒಂದೇ ಜಾಗಕ್ಕೆ ಜಗಳ ಆಡ್ತಾವೆ ಮತ್ತೆ ಗೆಲ್ಲೋದು ಚಂಡೆನೇ. ಕೆಳಗೆ ಕಿಕ್, ಮೇಲೆ ಮೆಲ್ಲಗೆ ರೈಡ್, ಸಾಕು.

ಗುಮಟೆ, ಚಂಡೆ, ಯಲ್ಲಾಪುರ ಹಳಿಯಾಳ ಕಡೆ ಸಿದ್ದಿಯರು ಬಾರಿಸೋ ದಮಾಮಿ, ಇವೆಲ್ಲ ರೆಡಿಮೇಡ್ ಪ್ಯಾಕಲ್ಲಿ ಸಿಗೋದು ಕಷ್ಟ. ನಾವೇ ಸ್ಯಾಂಪಲ್ ಮಾಡ್ಕೋಬೇಕು, ಅಂದ್ರೆ ಒಂದೊಂದೇ ಪೆಟ್ಟು ರೆಕಾರ್ಡ್ ಮಾಡಿ ಇಟ್ಕೋಬೇಕು, ಅದು ಅಂದ್ಕೊಂಡಷ್ಟು ಕಷ್ಟ ಅಲ್ಲ. ಮಳೆ ಮುಗಿದು ಒಣ ಹವೆ ಬಂದ ಮೇಲೆ ಮಾಡಿ, ತೇವಕ್ಕೆ ಚರ್ಮ ಸಡಿಲಾಗಿ ನಾದ ಇಳಿಯುತ್ತೆ. ಬಾರಿಸೋರನ್ನ ಕೇಳಿ, ಒಪ್ಪಿಸಿ, ಸಂಭಾವನೆ ಕೊಟ್ಟು, ಹಾಡಲ್ಲಿ ಹೆಸರೂ ಹಾಕಿ. ಫೋನಲ್ಲಿ ರೆಕಾರ್ಡ್ ಮಾಡೋದಾದ್ರೆ ವೇವ್ (WAV) ಫಾರ್ಮ್ಯಾಟ್ ಕೊಡೋ ಆ್ಯಪ್ ಹಾಕ್ಕೊಳ್ಳಿ. ಮೆತ್ತಗೆ, ಮಧ್ಯಮ, ಜೋರು, ಪ್ರತಿಯೊಂದರಲ್ಲೂ ನಾಲ್ಕೈದು ಪೆಟ್ಟು, ಒಂದು ಪೆಟ್ಟಿನ ನಾದ ಪೂರ್ತಿ ಆರಿದ ಮೇಲೇ ಇನ್ನೊಂದು. ಗುಮಟೆಗೆ ಇನ್ನೊಂದು ಕೆಲಸ ಇದೆ: ಅದು ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಸಣ್ಣ ಬಾಯಿ ತೆರೆದೇ ಇರುತ್ತೆ, ಎಡಗೈ ಅಂಗೈಯಲ್ಲಿ ಆ ಬಾಯಿ ಮುಚ್ಚಿ ತೆಗೆದು ನಾದ ಬದಲಿಸ್ತಾರೆ, ಹಾಗಾಗಿ ಮುಚ್ಚಿದ್ದು ತೆರೆದದ್ದು ಎರಡೂ ಬೇರೆ ಬೇರೆ ರೆಕಾರ್ಡ್ ಮಾಡಿ. ಹಿಂದೆ ಇದಕ್ಕೆ ಉಡದ ಚರ್ಮ ಕಟ್ತಿದ್ರು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ ಕಟ್ಟಿದ್ದು ಸಿಗುತ್ತೆ, ಅದನ್ನೇ ಹುಡುಕಿ.

ಪೆಟ್ಟುಗಳನ್ನ ಒಂದೊಂದಾಗಿ ಕತ್ತರಿಸಿ, ಪೆಟ್ಟಿಗೆ ಮೊದಲು ಇರೋ ಖಾಲಿ ಜಾಗ ಪೂರ್ತಿ ತೆಗೆದು (ಇಲ್ಲದಿದ್ರೆ ಯಾವಾಗ್ಲೂ ಲೇಟಾಗೇ ಕೇಳುತ್ತೆ) ರೀಪರಿನದೇ ಆದ ರಿಯಾಸ್ಯಾಂಪ್ಲೊಮ್ಯಾಟಿಕ್ ಅನ್ನೋ ಪ್ಲಗಿನ್‌ಗೆ ಹಾಕಿ. ಇಷ್ಟನೇ ನೋಟಿಗೆ, ಇಷ್ಟರಿಂದ ಇಷ್ಟು ವೆಲಾಸಿಟಿಗೆ ಈ ಪೆಟ್ಟು ಅಂತ ಅದರಲ್ಲಿ ಹೇಳಬಹುದು, 1ರಿಂದ 50 ಮೆತ್ತಗಿನದು, 51ರಿಂದ 95 ಮಧ್ಯಮ, ಮೇಲಿನದು ಜೋರು. ಅದು ಗೋಜಲು ಅನಿಸಿದ್ರೆ ಸಿತಾಲಾ ಅಂತ ಫ್ರೀ ಪ್ಲಗಿನ್ ಇದೆ, 16 ಪ್ಯಾಡು, ಎಳೆದು ಹಾಕಿದ್ರೆ ಮುಗೀತು.

ಮಿಕ್ಸಿಂಗ್, ಕಳಿಸೋದು

ಪ್ಲಗಿನ್ ಒಳಗೇ ಮಲ್ಟಿ ಔಟ್ (ಪ್ರತಿ ಡ್ರಮ್ಮನ್ನ ಬೇರೆ ಬೇರೆ ಹೊರಗೆ ಬಿಡೋ ಸೌಲಭ್ಯ) ಇದ್ರೆ ಕಿಕ್, ಸ್ನೇರ್, ಉಳಿದದ್ದು ಅಂತ ಬೇರೆ ಟ್ರ್ಯಾಕಿಗೆ ಬಿಡಿಸ್ಕೊಳ್ಳಿ. ಕಿಕ್ಕಿನ ದಮ್ಮು 60 ಹರ್ಟ್ಸ್ ಹತ್ರ ಇರುತ್ತೆ, ಫೋನ್ ಸ್ಪೀಕರಲ್ಲಿ ಅದು ಕೇಳೋದೇ ಇಲ್ಲ, ನಮ್ಮ ಹಾಡು ಕೇಳೋರು ಮುಕ್ಕಾಲು ಪಾಲು ಫೋನಲ್ಲೇ ಕೇಳ್ತಾರೆ, ಅದಕ್ಕೆ 3ರಿಂದ 4 ಕಿಲೋಹರ್ಟ್ಸ್ ಹತ್ರ ಸ್ವಲ್ಪ ಎತ್ತಿ ಟಕ್ ಅನ್ನೋದನ್ನ ಹೊರಗೆ ತನ್ನಿ. 300 ಹರ್ಟ್ಸ್ ಸುತ್ತಮುತ್ತ ಸ್ವಲ್ಪ ಇಳಿಸಿದ್ರೆ ಡಬ್ಬ ಸದ್ದು ಹೋಗುತ್ತೆ. ರಿವರ್ಬ್ (ಕೋಣೆಯ ಗುಂಗು) ಕಮ್ಮಿ. ಒಟ್ಟು ಪೀಕು ಮೈನಸ್ 6 ಡೆಸಿಬಲ್ ದಾಟದ ಹಾಗೆ ನೋಡ್ಕೊಳ್ಳಿ.

ಬೆಂಗಳೂರಲ್ಲೋ ಮಂಗಳೂರಲ್ಲೋ ಕೂತ ಗೆಳೆಯರಿಗೆ ಕಳಿಸಬೇಕಾದ್ರೆ ಮಿಡಿ ಫೈಲನ್ನೇ ಕಳಿಸಿ. ಸ್ಟೀರಿಯೋ ವೇವ್ ಸಿಡಿ ಕ್ವಾಲಿಟಿಯಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ, ಮಿಡಿ ಪೂರ್ತಿ ಹಾಡಿಗೆ ಕೆಲವೇ ಕೆಬಿ, ಗುಡ್ಡ ಹತ್ತದೇನೂ ಹೋಗುತ್ತೆ, ಅವರು ತಮ್ಮ ಹತ್ರ ಇರೋ ದುಬಾರಿ ಕಿಟ್ಟಿಗೆ ಹಾಕಿ ಕೇಳಬಹುದು. ನೀವೇ ಸ್ಯಾಂಪಲ್ ಮಾಡಿದ ಗುಮಟೆ ಇದ್ರೆ ಮಾತ್ರ ಆ ಟ್ರ್ಯಾಕನ್ನ 24 ಬಿಟ್ ವೇವ್ ಫೈಲಾಗಿ ರೆಂಡರ್ ಮಾಡಿ (ಆಡಿಯೋ ಆಗಿ ತೆಗೆದು) ಕಳಿಸಬೇಕು, ಆ ಸೌಂಡು ಅವರ ಹತ್ರ ಇಲ್ವಲ್ಲ. ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಹಾಕಿ, ಆಡಿಯೋ ಅಂತ ಹಾಕಬೇಡಿ. ಫೈಲಿನ ಹೆಸರಲ್ಲೇ ಹಾಡು, ಟೆಂಪೋ, ತಾಳ ಮೂರೂ ಬರೀರಿ, ಎರಡೂ ಫೈಲು ಒಂದನೇ ಬಾರ್‌ನ ಮೊದಲ ಬೀಟಿಂದಲೇ ಶುರುವಾಗೋ ಹಾಗೆ ತೆಗೀರಿ, ಆ ಕಡೆ ಕೂತೋರು ಎಳೆದು ಹಾಕಿದ ಕೂಡಲೇ ಜಾಗಕ್ಕೆ ಕೂರುತ್ತೆ.