ಗೋದಾಮು ಅಂತ ಬಂದ ಕಡತ

ಸ್ಥಳೀಯ ಸಂಸ್ಥೆಯಲ್ಲಿ ಕಟ್ಟಡಗಳಿಗೆ ಅನುಮತಿ ಕೊಡುವ ಕೆಲಸ ನನ್ನದು. ಮೊದಲ ಡೇಟಾ ಸೆಂಟರ್, ಅಂದರೆ ಸರ್ವರ್ ಕಂಪ್ಯೂಟರ್‌ಗಳು ಹಗಲುರಾತ್ರಿ ಓಡುವ ಕಟ್ಟಡದ ಅರ್ಜಿ, ನನ್ನ ಮೇಜಿಗೆ ಬಂದಾಗ ಅದರ ಮೇಲೆ ‘ಗೋದಾಮು’ ಎಂದು ಬರೆದಿತ್ತು. ಅರ್ಜಿದಾರರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಮ್ಮ ಭೂ ಬಳಕೆ ನಿಯಮಾವಳಿಯಲ್ಲಿ ಡೇಟಾ ಸೆಂಟರ್ ಎಂಬ ಪದವೇ ಇರಲಿಲ್ಲ. ಹತ್ತಿರದ್ದು ಗೋದಾಮು, ಅದನ್ನೇ ಹಾಕಿದ್ದರು. ಕೈಗಾರಿಕಾ ವಲಯದಲ್ಲಿ ಗೋದಾಮಿಗೆ ವಿಶೇಷ ಅನುಮತಿ ಬೇಕಿಲ್ಲ, ಅಹವಾಲು ಸಭೆಯೂ ಬೇಕಿಲ್ಲ. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ), ಎತ್ತರ, ಪಾರ್ಕಿಂಗ್ ಸರಿಯಿದ್ದರೆ ಸಹಿ ಮಾಡುವುದಷ್ಟೇ ನನ್ನ ಕೆಲಸ.

ನಕ್ಷೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪಾರ್ಕಿಂಗ್. ಅಷ್ಟು ದೊಡ್ಡ ಕಟ್ಟಡಕ್ಕೆ ಕೆಲವೇ ಕಾರುಗಳ ಜಾಗ. ಸರಕು ಇಳಿಸುವ ಕಟ್ಟೆ ಒಂದೇ. ಹಿಂಭಾಗದಲ್ಲಿ ಮಾತ್ರ ಒಂದೇ ಅಳತೆಯ ಇಪ್ಪತ್ನಾಲ್ಕು ಚೌಕಗಳು ಸಾಲಾಗಿ ಇದ್ದವು. ಕೇಳಿದಾಗ ಗೊತ್ತಾಯಿತು, ಅವು ಡೀಸೆಲ್ ಜನರೇಟರ್‌ಗಳು, ಒಂದೊಂದೂ 2 ಮೆಗಾವಾಟಿನದು. ಅಂಥ ಯಂತ್ರ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 500 ಲೀಟರ್ ಡೀಸೆಲ್ ಕುಡಿಯುತ್ತದೆ. ಒಂದು ದಿನದ ದಾಸ್ತಾನು ಅಂದರೂ ಎರಡೂಮುಕ್ಕಾಲು ಲಕ್ಷ ಲೀಟರ್ ದಾಟುತ್ತದೆ. ಇದನ್ನು ಗೋದಾಮು ಎಂದು ಮಂಜೂರು ಮಾಡಿದ್ದರೆ ಅಗ್ನಿಶಾಮಕದವರಿಗೆ ನಾನು ಏನು ಉತ್ತರ ಕೊಡುತ್ತಿದ್ದೆ?

ನಿಯಮ ಹಿಂದೆ ಬಿದ್ದ ಕಷ್ಟ ನಮ್ಮೊಬ್ಬರದಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಡೇಟಾ ಸೆಂಟರ್‌ಗಳು ಒತ್ತೊತ್ತಾಗಿರುವ ಅಮೆರಿಕದ ವರ್ಜೀನಿಯಾದ ಲೌಡೌನ್ ಕೌಂಟಿಯಲ್ಲೂ, ಕೆಲವು ವಲಯಗಳಲ್ಲಿ ಸಭೆಯ ಮುಂದೆ ಬಾರದೆಯೇ ಕಟ್ಟುವ ಅವಕಾಶ 2025ರ ಮಾರ್ಚ್‌ವರೆಗೂ ಇತ್ತು. ಆಮೇಲೆ ಪ್ರತಿ ಹೊಸ ಅರ್ಜಿಗೂ ವಿಶೇಷ ಅನುಮತಿ ಬೇಕೆಂದಾಯಿತು. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಮತ್ತು ಪಕ್ಕದ ಹಾರ್ಲೆಮ್ಮರ್‌ಮೀರ್ ಆಡಳಿತಗಳು 2019ರ ಜುಲೈನಲ್ಲಿ ಹೊಸ ಅನುಮತಿಗಳನ್ನು ಒಂದು ವರ್ಷ ತಡೆಹಿಡಿದು, ಆ ಸಮಯದಲ್ಲಿ ನಿಯಮ ಬರೆದುಕೊಂಡವು. ನಮ್ಮ ಸಭೆಯ ಮುಂದೆ ನಾನು ಇಟ್ಟದ್ದು ಈ ಎರಡನೆಯ ದಾರಿಯನ್ನು. ಆರು ತಿಂಗಳ ತಡೆಗೆ ಠರಾವಾಯಿತು. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೊನೆಯ ದಿನಾಂಕವಿಲ್ಲದ ತಡೆ ನ್ಯಾಯಾಲಯದಲ್ಲಿ ಉಳಿಯುವುದು ಕಷ್ಟ, ನಮಗೂ ಕೆಲಸ ಮುಗಿಸುವ ಒತ್ತಡ ಇರುವುದಿಲ್ಲ.

ಆರು ತಿಂಗಳಲ್ಲಿ ಎರಡು ತಿಂಗಳು ಹೋದದ್ದು ಒಂದೇ ವಾಕ್ಯಕ್ಕೆ, ಡೇಟಾ ಸೆಂಟರ್ ಅಂದರೆ ಏನು ಎಂಬ ವ್ಯಾಖ್ಯಾನಕ್ಕೆ. ಮೊದಲು ಕಟ್ಟಡದ ವಿಸ್ತೀರ್ಣದ ಮೇಲೆ ಬರೆದೆ. ಅದು ತಪ್ಪು ಅಳತೆ. ಅದೇ ನೆಲದ ಮೇಲೆ ಹಳೆಯ ಮಾದರಿಯ ಸರ್ವರ್ ಇಟ್ಟರೆ ಒಂದು ಹೊರೆ, ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ತುಂಬಿದರೆ ಅದರ ಹಲವು ಪಟ್ಟು. ನೀರು, ಶಬ್ದ, ಹೊಗೆ ಎಲ್ಲವೂ ವಿದ್ಯುತ್ತಿನ ಹೊರೆಯ ಹಿಂದೆ ಬರುತ್ತವೆ, ಚದರ ಅಡಿಯ ಹಿಂದೆ ಅಲ್ಲ. ಹಾಗಾಗಿ ಕಿಲೋವಾಟಿನ ಮೇಲೆ ವ್ಯಾಖ್ಯಾನ ಕಟ್ಟಿದೆ. ಜರ್ಮನಿಯ 2023ರ ಇಂಧನ ದಕ್ಷತಾ ಕಾಯ್ದೆ 300 ಕಿಲೋವಾಟನ್ನು ಗಡಿಯಾಗಿ ಇಟ್ಟುಕೊಂಡಿದೆ, ನಾನೂ ಅಲ್ಲಿಂದಲೇ ಶುರು ಮಾಡಿದೆ. ಜನರೇಟರ್, ಬ್ಯಾಟರಿ ಕೊಠಡಿ, ನೀರನ್ನು ಆವಿಯಾಗಿಸಿ ತಂಪು ಮಾಡುವ ಕೂಲಿಂಗ್ ಟವರ್, ವಿದ್ಯುತ್ ಉಪಕೇಂದ್ರ ಎಲ್ಲವೂ ಅದೇ ಯೋಜನೆಯ ಭಾಗ, ಬೇರೆ ಬೇರೆ ಅರ್ಜಿಯಾಗಿ ಬರುವಂತಿಲ್ಲ ಎಂದು ಸೇರಿಸಿದೆ. ಆ ಒಂದು ಸಾಲು ಇಲ್ಲದಿದ್ದರೆ ಉಪಕೇಂದ್ರ ಒಂದು ಕಡತದಲ್ಲಿ, ಡೀಸೆಲ್ ಟ್ಯಾಂಕು ಇನ್ನೊಂದರಲ್ಲಿ ಸದ್ದಿಲ್ಲದೆ ಮಂಜೂರಾಗಿ ಹೋಗುತ್ತವೆ.

ನೀರಿನ ವಿಷಯದಲ್ಲಿ ಅರ್ಜಿಯಲ್ಲಿದ್ದದ್ದು ವಾರ್ಷಿಕ ಸರಾಸರಿ. ಸರಾಸರಿ ಎಂದರೆ ಮಳೆಗಾಲ, ಚಳಿಗಾಲ ಎಲ್ಲ ಸೇರಿಸಿ ಭಾಗಿಸಿದ ಸಂಖ್ಯೆ. ನಮ್ಮ ಪೈಪು ಒಣಗುವುದು ಸರಾಸರಿ ದಿನದಲ್ಲಲ್ಲ, ಅತಿ ಸೆಕೆಯ ದಿನದಲ್ಲಿ. ತಂಪಾಗಿರಲು ಯಂತ್ರ ಹೆಚ್ಚು ನೀರು ಕೇಳುವುದೂ ಅದೇ ದಿನ. ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. 1 ಮೆಗಾವಾಟ್ ಎಂದರೆ ಸೆಕೆಂಡಿಗೆ 1,000 ಕಿಲೋಜೂಲ್. ಅಷ್ಟನ್ನೂ ಆವಿಯಾಗಿಸಿಯೇ ಹೊರಹಾಕಿದರೆ ದಿನಕ್ಕೆ ಹತ್ತಿರಹತ್ತಿರ 36 ಸಾವಿರ ಲೀಟರ್. 40 ಮೆಗಾವಾಟಿಗೆ 14 ಲಕ್ಷ ಲೀಟರ್ ಮೀರುತ್ತದೆ. ಟವರ್‌ನಲ್ಲಿ ಲವಣ ಗಟ್ಟಿಯಾಗದಂತೆ ಆಗಾಗ ಹೊರಬಿಡುವ ನೀರು ಇದರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ಮೇಜಿನ ಮೇಲಿಟ್ಟಾಗ ಕಂಪನಿಯ ಎಂಜಿನಿಯರ್ ಒಂದು ನಿಮಿಷ ನೋಡಿ, “ಮೇಡಂ, ಪೂರ್ತಿ ಆವಿಯಿಂದಲೇ ತಂಪು ಮಾಡಿದರೆ ಇದು ಸರಿ. ಅದೇ ನೀರು ಮತ್ತೆ ಮತ್ತೆ ಸುತ್ತುವ ಮುಚ್ಚಿದ ವ್ಯವಸ್ಥೆ ಹಾಕಿದರೆ ನೀರು ತೀರಾ ಕಡಿಮೆ. ಆದರೆ ವಿದ್ಯುತ್ ಹೆಚ್ಚು ಬೇಕು, ಫ್ಯಾನಿನ ಶಬ್ದವೂ ಹೆಚ್ಚು” ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ನಾನು ಅವರಿಗೆ ಇಂದಿಗೂ ಋಣಿ. ನೀರು, ವಿದ್ಯುತ್, ಶಬ್ದ ಮೂರನ್ನೂ ಒಟ್ಟಿಗೆ ತೂಗಬೇಕು, ಒಂದೊಂದು ಇಲಾಖೆ ಒಂದೊಂದನ್ನು ನೋಡಿ ನಿರಾಕ್ಷೇಪಣಾ ಪತ್ರ ಕೊಟ್ಟರೆ ಯಾರಿಗೂ ಪೂರ್ತಿ ಚಿತ್ರ ಸಿಗುವುದಿಲ್ಲ ಎಂದು ನನಗೆ ಹೊಳೆದದ್ದು ಆ ಮಾತಿನಿಂದ. ಷರತ್ತಿನಲ್ಲಿ ‘ಗರಿಷ್ಠ ದಿನದ ನೀರು, ಲೀಟರ್‌ನಲ್ಲಿ’ ಎಂಬ ಅಂಕಣ ಬಂತು. ಪ್ರತ್ಯೇಕ ಮೀಟರ್, ಪ್ರತಿ ತಿಂಗಳು ಓದು, ಓದು ಸಾರ್ವಜನಿಕ.

ಸಾರ್ವಜನಿಕ ಎಂಬ ಪದಕ್ಕೆ ದೊಡ್ಡ ಜಗ್ಗಾಟವೇ ನಡೆಯಿತು. ವ್ಯಾಪಾರ ರಹಸ್ಯ ಎಂಬ ವಾದ ಬಂತು, ಗೋಪ್ಯತಾ ಒಪ್ಪಂದದ ಕರಡೂ ಬಂತು. ಆಗ ನಾನು ಅಮೆರಿಕದ ಒರೆಗಾನ್ ರಾಜ್ಯದ ದಿ ಡಾಲ್ಸ್ ಎಂಬ ಪುಟ್ಟ ನಗರದ ಕಥೆ ಹೇಳಿದೆ. ಅಲ್ಲಿ ಗೂಗಲ್ ಬಳಸುವ ನೀರಿನ ಅಂಕಿ ಕೊಡದಿರಲು 2021ರಲ್ಲಿ ನಗರವೇ ಪತ್ರಿಕೆಯೊಂದರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷದ ಕೊನೆಗೆ ರಾಜಿಯಾಗಿ ಅಂಕಿ ಹೊರಬಂದಾಗ, ನಗರದ ನೀರಿನ ಕಾಲು ಭಾಗಕ್ಕೂ ಹೆಚ್ಚು ಅಲ್ಲಿಗೇ ಹೋಗುತ್ತಿತ್ತು ಎಂದು ತಿಳಿಯಿತು. ತನ್ನ ನೀರಿನ ಲೆಕ್ಕ ತನ್ನ ಜನರಿಗೇ ಹೇಳಲಾಗದ ಸ್ಥಿತಿಗೆ ಯಾವ ಸ್ಥಳೀಯ ಸಂಸ್ಥೆಯೂ ಇಳಿಯಬಾರದು. ನಮ್ಮ ಸದಸ್ಯರು ಯಾರೂ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ.

ಶಬ್ದದಲ್ಲಿ ನಾನು ತಪ್ಪು ಮಾಡಿದೆ, ಅದನ್ನೂ ಬರೆಯಬೇಕು. ಮೊದಲ ಕಟ್ಟಡಕ್ಕೆ ‘ನಿಗದಿತ ಮಿತಿಯೊಳಗೆ ಇರತಕ್ಕದ್ದು’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಎಲ್ಲಿ ಅಳೆಯಬೇಕು, ಯಾವ ಹೊತ್ತಿನಲ್ಲಿ, ಯಾವ ಮಾಪಕದಲ್ಲಿ ಎಂದು ಒಂದು ಮಾತೂ ಇರಲಿಲ್ಲ. ಕಟ್ಟಡ ಚಾಲೂ ಆದ ಮೇಲೆ ಪಕ್ಕದ ಬಡಾವಣೆಯ ಹಿರಿಯರೊಬ್ಬರು ಕಚೇರಿಗೆ ಬಂದರು. “ಕಿವಿಗೆ ಅಷ್ಟು ಕೇಳಲ್ಲ ಮೇಡಂ, ಎದೆಗೆ ಬಡೀತದೆ. ರಾತ್ರಿ ಎದ್ದು ಕೂತ್ಕೋತೀನಿ” ಅಂದರು. ಸಿಬ್ಬಂದಿ ಹೋಗಿ ಅಳೆದರೆ ಮಿತಿಯೊಳಗೇ ಇತ್ತು. ಕಂಪನಿಯದು ಸರಿ, ನಮ್ಮ ಮೀಟರೂ ಸರಿ, ಆ ಮನುಷ್ಯನಿಗೆ ಮಾತ್ರ ನಿದ್ದೆ ಇಲ್ಲ.

ಕಾರಣ ಸಿಕ್ಕಿದ್ದು ಒಂದು ವಾರದ ಓದಿನ ನಂತರ. ಸಾಮಾನ್ಯವಾಗಿ ಬಳಸುವ, ಮನುಷ್ಯನ ಕಿವಿಗೆ ಕೇಳುವಂತೆ ಹೊಂದಿಸಿದ ‘ಎ ತೂಕ’ದ ಡೆಸಿಬಲ್ ಮಾಪನ ತಗ್ಗು ಸ್ವರಗಳನ್ನು ಲೆಕ್ಕದಿಂದ ಬಹಳ ಇಳಿಸುತ್ತದೆ. 63 ಹರ್ಟ್ಸ್‌ನ ಗುಂಯ್ ಎನ್ನುವ ಶಬ್ದದಲ್ಲಿ ಸುಮಾರು 26 ಡೆಸಿಬಲ್ ಕಳೆದುಬಿಡುತ್ತದೆ. ಸಿ ತೂಕದ ಮಾಪನ ಅಲ್ಲಿ ಕಳೆಯುವುದು ಒಂದು ಡೆಸಿಬಲ್ ಕೂಡ ಇಲ್ಲ. ದೊಡ್ಡ ಫ್ಯಾನು, ತಂಪು ಮಾಡುವ ಚಿಲ್ಲರ್ ಯಂತ್ರ, ಟ್ರಾನ್ಸ್‌ಫಾರ್ಮರ್ ಹೊರಡಿಸುವ ಶಬ್ದದಲ್ಲಿ ಬಹುಪಾಲು ಈ ತಗ್ಗಿನದೇ, ಗೋಡೆ ದಾಟಿ ಮಲಗುವ ಕೋಣೆಗೆ ಬರುವುದೂ ಇದೇ. ಈಗಿನ ಷರತ್ತಿನಲ್ಲಿ ಎರಡೂ ಮಾಪನ ಇವೆ. ಅಳೆಯುವ ಜಾಗ ಹತ್ತಿರದ ಮನೆಯ ಗಡಿ, ಹೊತ್ತು ರಾತ್ರಿ, ಮತ್ತು ಕಟ್ಟುವ ಮುನ್ನವೇ ಆ ಜಾಗದ ಸಹಜ ಶಬ್ದವನ್ನು ಬರೆದಿಟ್ಟುಕೊಂಡಿರಬೇಕು. ಮಿತಿ ಕಟ್ಟಡಕ್ಕಲ್ಲ, ಇಡೀ ನಿವೇಶನಕ್ಕೆ. ಒಂದೇ ಬಗೆಯ ಯಂತ್ರಗಳು ಎರಡರಷ್ಟಾದರೆ 3 ಡೆಸಿಬಲ್ ಏರುತ್ತದೆ. ಒಂದೊಂದು ಕಟ್ಟಡವೂ ಮಿತಿಯೊಳಗಿದ್ದು, ನಾಲ್ಕು ಸೇರಿದಾಗ ಮಿತಿ ಮೀರಬಹುದು. ಅಮೆರಿಕದ ಅರಿಜೋನಾದ ಚಾಂಡ್ಲರ್ ನಗರ 2022ರ ಡಿಸೆಂಬರ್‌ನಲ್ಲಿ ಒಪ್ಪಿದ ನಿಯಮದಲ್ಲಿ ಶಬ್ದ ಅಧ್ಯಯನವೂ ಇದೆ, ಬ್ಯಾಕಪ್ ಜನರೇಟರ್ ಬಗ್ಗೆ ನೆರೆಯವರಿಗೆ ಮುಂಚಿತವಾಗಿ ತಿಳಿಸುವ ಕರಾರೂ ಇದೆ. ಅದನ್ನು ನೋಡಿ ನಾವೂ ಜನರೇಟರ್ ಪರೀಕ್ಷೆಯನ್ನು ಹಗಲಿನ ನಿಗದಿತ ಗಂಟೆಗೆ ಕಟ್ಟಿದೆವು.

ಆ ಹಿರಿಯರ ಮನೆಗೆ ಈ ಹೊಸ ಷರತ್ತು ಅನ್ವಯಿಸುವುದಿಲ್ಲ. ಹಳೆಯ ಅನುಮತಿಗೆ ಹೊಸ ನಿಯಮ ಹಿಂದಕ್ಕೆ ಹೋಗಿ ಮುಟ್ಟುವುದಿಲ್ಲ. ಕೇಳಿಕೊಂಡ ಮೇಲೆ ಕಂಪನಿ ಫ್ಯಾನಿನ ವೇಗ ಇಳಿಸಿ ಒಂದು ತಡೆಗೋಡೆ ಹಾಕಿತು. ಸ್ವಲ್ಪ ಕಡಿಮೆಯಾಗಿದೆ ಎನ್ನುತ್ತಾರೆ. ನಾನು ಮೊದಲೇ ಎರಡು ಸಾಲು ಸರಿಯಾಗಿ ಬರೆದಿದ್ದರೆ ಯಾರೂ ಕೇಳಿಕೊಳ್ಳಬೇಕಾಗಿರಲಿಲ್ಲ.

ವಿದ್ಯುತ್ ನಮ್ಮ ಕೈಯಲ್ಲಿಲ್ಲ. ಸಂಪರ್ಕ ಕೊಡುವುದು, ದರ ನಿಗದಿ ಮಾಡುವುದು ಮೇಲಿನವರ ಕೆಲಸ. ಸಂಪರ್ಕದ ಲಿಖಿತ ಖಚಿತತೆ ಇಲ್ಲದೆ ಕಟ್ಟಡ ಪರವಾನಗಿ ಇಲ್ಲ ಎಂದಷ್ಟೇ ನಾವು ಬರೆಯಬಲ್ಲೆವು, ಬರೆದೆವು. ಯಂತ್ರಗಳ ಬಿಸಿಯನ್ನು ಮರುಬಳಸುವ ಆಸೆ ನನಗೆ ಬಹಳ ಇತ್ತು. ಡೆನ್ಮಾರ್ಕ್‌ನ ಓಡೆನ್ಸೆಯಲ್ಲಿ ಮೆಟಾ ಕಂಪನಿಯ ಕೇಂದ್ರದ ಶಾಖ ಊರಿನ ಮನೆಗಳಿಗೆ ಹರಿಯುತ್ತದೆ. ಆದರೆ ಅಲ್ಲಿ ಮನೆಗಳಿಗೆ ಬಿಸಿನೀರು ಒಯ್ಯುವ ಪೈಪು ಜಾಲ ಮೊದಲೇ ಇತ್ತು. ಜಾಲ ಇಲ್ಲದ ಕಡೆ ಈ ಷರತ್ತು ಕಾಗದದಲ್ಲೇ ಉಳಿಯುತ್ತದೆ, ಅದಕ್ಕೇ ಕೈಬಿಟ್ಟೆ.

ಸಹೋದ್ಯೋಗಿಗಳಿಗೆ ನಾನು ಮತ್ತೆ ಮತ್ತೆ ಹೇಳುವುದು ಪ್ರಕಟಣೆಯ ಬಗ್ಗೆ. ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಕೌಂಟಿ 2023ರ ಡಿಸೆಂಬರ್‌ನಲ್ಲಿ ಸುಮಾರು 2,100 ಎಕರೆಯ ಡೇಟಾ ಸೆಂಟರ್ ಯೋಜನೆಗೆ ವಲಯ ಬದಲಾಯಿಸಿತ್ತು. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅದನ್ನು ಅನೂರ್ಜಿತ ಎಂದಿತು. ಅಹವಾಲು ಸಭೆಯ ಸಾರ್ವಜನಿಕ ಪ್ರಕಟಣೆ ಕಾನೂನಿನಂತೆ ಆಗಿರಲಿಲ್ಲ ಎಂಬುದೇ ಕಾರಣ. ಯೋಜನೆ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಅಷ್ಟು ವರ್ಷ ವ್ಯರ್ಥ. ನಮ್ಮಲ್ಲಿ ಈಗ ಪ್ರಕಟಣೆಯ ದಿನಾಂಕಗಳನ್ನು ನಾನೇ ಖುದ್ದಾಗಿ ಎಣಿಸುತ್ತೇನೆ, ಪ್ರತಿಯನ್ನು ನಡಾವಳಿಯ ಮೊದಲ ಹಾಳೆಯಾಗಿ ಹಚ್ಚುತ್ತೇನೆ.

ಹೋದ ತಿಂಗಳು ಅದೇ ಕಂಪನಿಯ ಎರಡನೇ ಹಂತದ ಅರ್ಜಿ ಬಂತು. ಮೇಲೆ ‘ಡೇಟಾ ಸೆಂಟರ್’ ಎಂದೇ ಬರೆದಿತ್ತು. ಗರಿಷ್ಠ ದಿನದ ನೀರಿನ ಅಂಕಣ ತುಂಬಿತ್ತು, ಡೀಸೆಲ್ ದಾಸ್ತಾನಿನ ನಕ್ಷೆಯೂ ಇತ್ತು. ಹತ್ತಿರದ ಮನೆಯ ಗಡಿಯಲ್ಲಿ ರಾತ್ರಿಯ ಸಹಜ ಶಬ್ದ ಎಷ್ಟು ಎಂಬ ಅಂಕಣ ಖಾಲಿ ಇತ್ತು. ಅಳೆದು ತರುವಂತೆ ಟಿಪ್ಪಣಿ ಬರೆದು ಕಡತ ವಾಪಸ್ ಕಳಿಸಿದ್ದೇನೆ.